ಸೆನ್ಸರ್ 58 ಅನ್ನುತ್ತೆ, ಗ್ಲುಕೋಮೀಟರ್ 96 ಅನ್ನುತ್ತೆ. ಯಾವುದನ್ನ ನಂಬೋದು?

ರಾತ್ರಿದೀಪ
ತೋಳಿಗೆ ಅಂಟಿಸೋ ಗ್ಲುಕೋಸ್ ಸೆನ್ಸರ್ ಬಗ್ಗೆ ಚೆನ್ನಾಗಿ ಗೊತ್ತಿರೋರು ದಯವಿಟ್ಟು ಹೇಳಿ. ನಡುರಾತ್ರಿ ಅಲಾರಂ ಹೊಡೆದುಕೊಳ್ಳುತ್ತೆ, ನೋಡಿದರೆ 58. ಆಗಲೇ ಬೆರಳು ಚುಚ್ಚಿದರೆ ಮೀಟರ್‌ನಲ್ಲಿ 96. ಬೆವರಿಲ್ಲ, ನಡುಕ ಇಲ್ಲ. ಹಗಲಲ್ಲಿ ಎರಡೂ ಹತ್ತಿರ ಹತ್ತಿರ ಇರುತ್ತವೆ, ಊಟ ಆದ ಮೇಲೆ ಮಾತ್ರ ಮತ್ತೆ 30–40ರಷ್ಟು ವ್ಯತ್ಯಾಸ. ಲೆಕ್ಕ ಎಲ್ಲಾ ಮಿ.ಗ್ರಾಂ/ಡೆ.ಲೀ.ನಲ್ಲಿ. ಇನ್ಸುಲಿನ್ ಡೋಸ್ ಇದನ್ನ ನೋಡಿಕೊಂಡೇ ಹಾಕಬೇಕು, ಅದಕ್ಕೇ ಭಯ. ಸೆನ್ಸರ್ ಕೆಟ್ಟಿದೆಯಾ, ಇಲ್ಲಾ ಬಳಸೋ ರೀತೀಲಿ ತಪ್ಪಿದೆಯಾ?

ಸೂಜಿಮಲ್ಲಿಗೆ
ಸೆನ್ಸರ್ ಇರೋ ತೋಳಿನ ಕಡೆಗೇ ಮಗ್ಗುಲಾಗಿ ಮಲಗ್ತೀರಾ?

ರಾತ್ರಿದೀಪ
ಹೌದು, ಬಲಗಡೆಗೆ. ಸೆನ್ಸರ್ ಇರೋದೂ ಬಲತೋಳಲ್ಲೇ.

ಸೂಜಿಮಲ್ಲಿಗೆ
ಹಾಗಿದ್ರೆ ರಾತ್ರಿಯದ್ದು ಬಹುಪಾಲು ಒತ್ತಡದಿಂದ ಬಂದ ಸುಳ್ಳು ಲೋ (ಶುಗರ್ ತೀರಾ ಇಳಿದಿದೆ ಅನ್ನೋ ರೀಡಿಂಗ್). ಸೆನ್ಸರ್‌ನ ತಂತಿ ಇರೋದು ರಕ್ತನಾಳದಲ್ಲಿ ಅಲ್ಲ, ಚರ್ಮದ ಕೆಳಗೆ ಸುಮಾರು 5 ಮಿ.ಮೀ. ಆಳದಲ್ಲಿ, ಜೀವಕೋಶಗಳ ನಡುವೆ ಇರೋ ದ್ರವದಲ್ಲಿ. ಮೈಭಾರ ಅದರ ಮೇಲೆ ಬಿದ್ದಾಗ ಆ ಜಾಗಕ್ಕೆ ರಕ್ತ ಬರೋದು ಕಮ್ಮಿಯಾಗುತ್ತೆ, ಹೊಸ ಗ್ಲುಕೋಸ್ ಬಂದು ಸೇರಲ್ಲ. ಇದ್ದದ್ದನ್ನ ಸುತ್ತಲಿನ ಜೀವಕೋಶಗಳು ಬಳಸಿಕೊಳ್ತಾನೇ ಇರುತ್ತವೆ. ಹಾಗಾಗಿ ಅಷ್ಟು ಜಾಗದಲ್ಲಿ ಮಾತ್ರ ಗ್ಲುಕೋಸ್ ಇಳಿಯುತ್ತೆ, ಸೆನ್ಸರ್ ಅದನ್ನೇ ಹೇಳುತ್ತೆ.

ಗ್ರಾಫ್ ತೆಗೆದು ನೋಡಿ. ನಿಜವಾದ ಲೋ ಇಳಿಜಾರಾಗಿ ಇಳಿಯುತ್ತೆ. ಒತ್ತಡದ್ದಾದರೆ ನೆಟ್ಟಗೆ ಸಾಗ್ತಿದ್ದ ಗೆರೆ ಒಂದೆರಡು ರೀಡಿಂಗ್ ಒಳಗೇ ಧಡಕ್ಕನೆ ಕೆಳಗೆ ಬಿದ್ದಿರುತ್ತೆ, ಮಗ್ಗುಲು ಬದಲಾಯಿಸಿದ ಸ್ವಲ್ಪ ಹೊತ್ತಿಗೆ ಮತ್ತೆ ಮೊದಲಿದ್ದ ಮಟ್ಟಕ್ಕೇ ಬಂದು ಕೂರುತ್ತೆ. ಮುಂದಿನ ಸೆನ್ಸರನ್ನ ನೀವು ಮಲಗದ ಕಡೆಯ ತೋಳಿಗೆ, ಹಿಂಭಾಗಕ್ಕೆ ಹಾಕಿ.

ಹಳೇಪೆನ್ನು
ಮೇಲಿನದ್ದು ಸರಿ. ಆದರೆ ಒಂದು ಮಾತು ಜೋರಾಗಿ ಹೇಳಲೇಬೇಕು. "ಓ, ಒತ್ತಡದ ಲೋ ಇರಬೇಕು" ಅಂತ ಅಲಾರಂ ಆರಿಸಿ ಮಲಗಿಬಿಡೋದು ಅಪಾಯ. ರಾತ್ರಿ ಇನ್ಸುಲಿನ್ ತಗೊಂಡವರಿಗೆ ನಿಜವಾದ ಲೋ ಬರೋದೂ ಅದೇ ಹೊತ್ತಲ್ಲೇ. ಎದ್ದು ಚುಚ್ಚಿ ನೋಡಿ, ಆಮೇಲೆ ತೀರ್ಮಾನ ಮಾಡಿ. ಮೈಯಲ್ಲಿ ಲಕ್ಷಣ ಇದ್ದು, ಮೀಟರ್ ಕೈಗೆ ಸಿಗದೆ ಇದ್ದರೆ ಲೋ ಅಂತಲೇ ತಿಳಿದು ಗ್ಲುಕೋಸ್ ತಗೊಳ್ಳಿ.

ಅಂಕಿಗುಣಿ
ಊಟದ ನಂತರದ 30–40 ವ್ಯತ್ಯಾಸಕ್ಕೆ ಕಾರಣ ಬೇರೆ. ಗ್ಲುಕೋಸ್ ಮೊದಲು ರಕ್ತಕ್ಕೆ ಬರುತ್ತೆ, ಅಲ್ಲಿಂದ ಆ ದ್ರವಕ್ಕೆ ಇಳಿಯೋಕೆ ಸುಮಾರು 5ರಿಂದ 10 ನಿಮಿಷ ಬೇಕು. ಶುಗರ್ ನಿಮಿಷಕ್ಕೆ 3ರಂತೆ ಏರ್ತಿದೆ ಅಂದ್ಕೊಳ್ಳಿ, 10 ನಿಮಿಷ ಹಿಂದಿದ್ದರೆ ವ್ಯತ್ಯಾಸ 30. ಸೆನ್ಸರೂ ಕೆಟ್ಟಿಲ್ಲ, ಮೀಟರೂ ಕೆಟ್ಟಿಲ್ಲ. ಇಳಿಯುವಾಗ ಇದೇ ತಿರುಗುಮುರುಗು: ರಕ್ತದಲ್ಲಿ ಆಗಲೇ 65 ಆಗಿರುತ್ತೆ, ಸೆನ್ಸರ್ ಇನ್ನೂ 85 ಅನ್ನುತ್ತಿರುತ್ತೆ. ವ್ಯಾಯಾಮ ಮಾಡುವಾಗ ಇದು ಇನ್ನೂ ಎದ್ದು ಕಾಣುತ್ತೆ.

ಅದಕ್ಕೇ ಬರೀ ಅಂಕಿ ನೋಡಬೇಡಿ, ಶುಗರ್ ಯಾವ ಕಡೆಗೆ ಎಷ್ಟು ವೇಗವಾಗಿ ಹೋಗ್ತಿದೆ ಅಂತ ತೋರಿಸೋ ಪಕ್ಕದ ಬಾಣ ನೋಡಿ. ಲಿಬ್ರೆ ಅನ್ನೋ ಸೆನ್ಸರಲ್ಲಿ ಅಡ್ಡ ಬಾಣ ಅಂದ್ರೆ ನಿಮಿಷಕ್ಕೆ 1ಕ್ಕಿಂತ ಕಮ್ಮಿ ಬದಲಾವಣೆ, ಓರೆ ಬಾಣ ಅಂದ್ರೆ 1ರಿಂದ 2, ನೇರ ಮೇಲೆ ಅಥವಾ ಕೆಳಗೆ ಅಂದ್ರೆ 2ಕ್ಕಿಂತ ಹೆಚ್ಚು. 110ಕ್ಕೆ ಅಡ್ಡ ಬಾಣ ಇದ್ರೆ ನೆಮ್ಮದಿ. ಅದೇ 110ಕ್ಕೆ ನೇರ ಕೆಳಗಿನ ಬಾಣ ಇದ್ರೆ 20 ನಿಮಿಷದಲ್ಲಿ 70ಕ್ಕೆ ಬರಬಹುದು.

ಬಿಸಿಲುಮಚ್ಚು
ಇಷ್ಟೆಲ್ಲಾ ಯಾಕೆ, ಬೆರಳಿನದ್ದೇ ನಿಜವಾದ ಲೆಕ್ಕ. ಸೆನ್ಸರ್ ಬರೀ ಅಂದಾಜು.

ಅಂಕಿಗುಣಿ
ಒಪ್ಪಲ್ಲ. ಮೀಟರೂ ಅಂದಾಜೇ. ಐಎಸ್‌ಒ 15197:2013 ಅನ್ನೋ ಅಂತರರಾಷ್ಟ್ರೀಯ ಮಾನದಂಡ ಮೀಟರಿನಿಂದ ಕೇಳೋದು ಇಷ್ಟು: 100ಕ್ಕಿಂತ ಕೆಳಗೆ ಲ್ಯಾಬ್ ರೀಡಿಂಗಿಗಿಂತ 15 ಆಚೀಚೆ, 100 ಮತ್ತು ಮೇಲೆ ಶೇ. 15 ಆಚೀಚೆ, ಅದೂ ಶೇ. 95ರಷ್ಟು ರೀಡಿಂಗ್‌ಗಳಿಗೆ. ನಿಜವಾದ ಶುಗರ್ 160 ಇದ್ದಾಗ ಮೀಟರ್ 180 ತೋರಿಸಬಹುದು, ಸೆನ್ಸರ್ 145 ತೋರಿಸಬಹುದು. ಎರಡೂ ತಮ್ಮ ಮಿತಿಯೊಳಗೇ ಇವೆ, ನೋಡೋರಿಗೆ ಮಾತ್ರ 35 ವ್ಯತ್ಯಾಸ.

ಹೋಲಿಸೋಕೆ ಸುಲಭದ ಅಳತೆ: 100ಕ್ಕಿಂತ ಮೇಲೆ ಶೇ. 20ರೊಳಗೆ, ಕೆಳಗೆ 20 ಅಂಕಿಯೊಳಗೆ ಇದ್ದರೆ ಸರಿ ಅಂತ ಬಿಡಿ. ಒಂದೇ ಒಂದು ರೀಡಿಂಗ್ ನೋಡಿ ಸೆನ್ಸರ್ ಕಿತ್ತು ಬಿಸಾಕಬೇಡಿ. ಅಡ್ಡ ಬಾಣ ಇದ್ದಾಗ, ಕೆಲವು ಗಂಟೆ ಅಂತರದಲ್ಲಿ ಎರಡು ಮೂರು ಸಲ ಹೋಲಿಸಿ. ಪ್ರತಿ ಸಲವೂ ಒಂದೇ ಕಡೆಗೆ ದೂರ ಹೋಗ್ತಿದ್ರೆ ಆಗ ಅನುಮಾನ ಪಡಿ.

ಲ್ಯಾಬುಮೇಜು
ಬೆರಳು ಚುಚ್ಚೋ ರೀತಿಯಲ್ಲೇ ಅರ್ಧ ತಪ್ಪು ಆಗೋದು. ಹಣ್ಣು ಹೆಚ್ಚಿದ ಕೈಯಲ್ಲಿ ಹಾಗೇ ಚುಚ್ಚಿದರೆ ಬೆರಳ ಮೇಲಿನ ಸಕ್ಕರೆ ಅಂಶ ಆ ಪುಟಾಣಿ ಹನಿಗೆ ಸೇರಿ ರೀಡಿಂಗ್ ಎಲ್ಲಿಗೋ ಹೋಗುತ್ತೆ. ಸ್ಯಾನಿಟೈಸರ್ ಹಚ್ಚಿದರೆ ಈ ಸಕ್ಕರೆ ಹೋಗಲ್ಲ. ಸೋಪು ನೀರಲ್ಲಿ ತೊಳೆದು *ಪೂರ್ತಿ* ಒರೆಸಿ. ನೀರು ಉಳಿದಿದ್ರೆ ಹನಿ ತೆಳುವಾಗಿ ಕಮ್ಮಿ ತೋರಿಸುತ್ತೆ. ತೊಳೆಯೋಕೆ ಆಗದಿದ್ರೆ ಮೊದಲ ಹನಿ ಒರೆಸಿ ಎರಡನೇ ಹನಿ ತಗೊಳ್ಳಿ. ಬೆರಳನ್ನ ಜೋರಾಗಿ ಹಿಂಡಬೇಡಿ. ಸ್ಟ್ರಿಪ್ ಡಬ್ಬಿ ಮುಚ್ಚಳ ತಕ್ಷಣ ಹಾಕಿ, ತೇವ ತಗುಲಿದ ಸ್ಟ್ರಿಪ್ ನಂಬೋಕಾಗಲ್ಲ.

ಮೂರನೇಮಹಡಿ
ಹಾಕಿ ಎಷ್ಟು ದಿನ ಆಗಿದೆ ಅಂತ ಯಾರೂ ಕೇಳಲೇ ಇಲ್ವಲ್ಲ! ಮೊದಲ 24 ಗಂಟೆ ರೀಡಿಂಗ್ ತೂಗಾಡೋದು ಸಾಮಾನ್ಯ. ಸೂಜಿ ಹೋದ ಜಾಗದಲ್ಲಿ ಸಣ್ಣ ಗಾಯ ಆಗಿರುತ್ತೆ, ಅದು ಶಾಂತ ಆಗೋತನಕ ಹೀಗೇ.

ರಾತ್ರಿದೀಪ
ಐದನೇ ದಿನ. ಮೊದಲ ದಿನದ ಸಮಸ್ಯೆ ಅಲ್ಲ ಅನ್ಸುತ್ತೆ. ಹಾಕುವ ಕ್ರಮ ಯಾರಾದ್ರೂ ಸರಿಯಾಗಿ ಬರೀತೀರಾ? ಅಂಟು ಕೂಡ ಅಂಚಲ್ಲಿ ಏಳ್ತಾ ಇದೆ.

ಸೂಜಿಮಲ್ಲಿಗೆ
ಬರೀತೀನಿ, ಉದ್ದ ಆಗುತ್ತೆ.

ಜಾಗ: ತೋಳಿನ ಹಿಂಭಾಗ, ಚಿವುಟಿದರೆ ಮಾಂಸ ಕೈಗೆ ಸಿಗೋ ಕಡೆ. ಮಚ್ಚೆ, ಗಾಯದ ಕಲೆ, ಗಂಟು, ಚರ್ಮ ಹಿಗ್ಗಿದ ಗೆರೆ ಇರೋ ಕಡೆ ಬೇಡ. ಇನ್ಸುಲಿನ್ ಚುಚ್ಚೋ ಜಾಗದಿಂದ ಲಿಬ್ರೆಗೆ ಕನಿಷ್ಠ 2.5 ಸೆಂ.ಮೀ. ದೂರ, ಡೆಕ್ಸ್‌ಕಾಮ್ ಅನ್ನೋ ಇನ್ನೊಂದು ಸೆನ್ಸರಿಗೆ 7.5 ಸೆಂ.ಮೀ. ಹಿಂದಿನ ಸೆನ್ಸರ್ ಇದ್ದ ಜಾಗಕ್ಕೇ ಮತ್ತೆ ಹಾಕಬೇಡಿ, ತೋಳು ಬದಲಿಸ್ತಾ ಹೋಗಿ. ಡೆಕ್ಸ್‌ಕಾಮ್ ಜಿ6ಗೆ ಹೊಟ್ಟೆ ಕೂಡ ಒಪ್ಪಿತ ಜಾಗ. ಯಾವ ಮಾದರಿಗೆ ಯಾವ ಜಾಗ ಅಂತ ಕೈಪಿಡಿಯಲ್ಲಿ ಇರುತ್ತೆ. ಬೇರೆ ಕಡೆ ಹಾಕಿದರೆ ನಿಖರತೆ ಪರೀಕ್ಷೆಯಾಗಿರಲ್ಲ.

ಚರ್ಮ: ಮಾಯಿಶ್ಚರೈಸರ್ ಇಲ್ಲದ ಸೋಪಲ್ಲಿ ತೊಳೆದು ಒರೆಸಿ. ಆಮೇಲೆ ಆಲ್ಕೋಹಾಲ್ ಒರಸು. ಇಲ್ಲೇ ಅವಸರ ಮಾಡೋದು ಎಲ್ಲರೂ: ಆಲ್ಕೋಹಾಲ್ *ತಾನಾಗಿ* ಆರಬೇಕು, ಊದಿ ಆರಿಸಬಾರದು. ಹಸಿ ಚರ್ಮಕ್ಕೆ ಅಂಟು ಹಿಡಿಯಲ್ಲ, ಉರಿಯೂ ಆಗುತ್ತೆ. ನಿಮ್ಮ ಅಂಚು ಏಳ್ತಿರೋದು ಇದರಿಂದಲೋ ಎಣ್ಣೆ–ಲೋಶನ್‌ನಿಂದಲೋ ಇರಬೇಕು. ಕೂದಲಿದ್ರೆ ಬೋಳಿಸಿ.

ಹಾಕೋದು: ಲಿಬ್ರೆ 2ರಲ್ಲಿ ಸೆನ್ಸರ್ ಡಬ್ಬಿ ಬೇರೆ, ಅಪ್ಲಿಕೇಟರ್ (ಸೆನ್ಸರನ್ನ ಚರ್ಮಕ್ಕೆ ಒತ್ತಿ ಹಾಕೋ ಸಾಧನ) ಬೇರೆ. ಎರಡರ ಮೇಲಿನ ಕೋಡ್ ಒಂದೇ ಇದೆಯಾ ನೋಡಿ. ಇಲ್ಲದಿದ್ರೆ ರೀಡಿಂಗ್ ತಪ್ಪಾಗುತ್ತೆ. ತೋಳು ಸಡಿಲ ಬಿಟ್ಟು, ಅಪ್ಲಿಕೇಟರನ್ನ ಚರ್ಮಕ್ಕೆ ನೇರವಾಗಿ ಇಟ್ಟು ಗಟ್ಟಿಯಾಗಿ ಒತ್ತಿ. ಓರೆಯಾಗಿ ಒತ್ತಿದ್ರೆ ತಂತಿ ಮಡಚಿಕೊಳ್ಳಬಹುದು. ಕ್ಲಿಕ್ ಅಂದಮೇಲೆ ಕ್ಷಣ ಹೊತ್ತು ತಡೆದು ನೆಟ್ಟಗೆ ಎತ್ತಿ. ಸೂಜಿ ಅಪ್ಲಿಕೇಟರ್ ಒಳಗೇ ಹಿಂದೆ ಹೋಗುತ್ತೆ, ಕೂದಲೆಳೆಯಂಥ ತಂತಿ ಮಾತ್ರ ಒಳಗೆ ಉಳಿಯುತ್ತೆ. ಅಂಟಿನ ಅಂಚನ್ನ ಬೆರಳಲ್ಲಿ ಸುತ್ತಲೂ ಒತ್ತಿ ಸವರಿ. ಒಂದು ಹನಿ ರಕ್ತ ಬಂದು ನಿಂತರೆ ಚಿಂತೆ ಇಲ್ಲ. ನಿಲ್ಲದೆ ಬರ್ತಾ ಇದ್ರೆ ತೆಗೆದು ಹೊಸದು ಹಾಕಿ.

ಶುರುವಾಗೋಕೆ ಲಿಬ್ರೆಗೆ 60 ನಿಮಿಷ, ಡೆಕ್ಸ್‌ಕಾಮ್ ಜಿ6ಗೆ 2 ಗಂಟೆ, ಜಿ7ಗೆ 30 ನಿಮಿಷದೊಳಗೆ. ಆ ಹೊತ್ತಲ್ಲಿ ಅಲಾರಂ ಇರಲ್ಲ, ಮೀಟರ್ ಕೈಯಲ್ಲಿರಲಿ.

ನೀಲಿಹಕ್ಕಿ
ಚರ್ಮಕ್ಕೆ ಉರಿ, ಕೆಂಪು ಬರೋರಿಗೆ: ಬರೀ ತುರಿಕೆ ಬೇರೆ, ಅಲರ್ಜಿ ಬೇರೆ. ಅಂಟಿನ ಆಕಾರದಲ್ಲೇ ಕೆಂಪಗೆ ಗುಳ್ಳೆ ಎದ್ದು, ಪ್ರತಿ ಸೆನ್ಸರಿಗೂ ಹೆಚ್ಚಾಗ್ತಾ ಹೋದರೆ ಅದು ಸಂಪರ್ಕದ ಅಲರ್ಜಿ ಇರಬಹುದು. ಮೊದಲ ತಲೆಮಾರಿನ ಲಿಬ್ರೆಯಲ್ಲಿ ಐಸೋಬಾರ್ನೈಲ್ ಅಕ್ರಿಲೇಟ್ ಅನ್ನೋ ರಾಸಾಯನಿಕದಿಂದ ಹೀಗಾಗಿದ್ದು ಚರ್ಮವೈದ್ಯರು ದಾಖಲಿಸಿದ್ದಾರೆ. ಅಲರ್ಜಿಯಾದ್ರೆ ಪ್ಯಾಚ್ ಟೆಸ್ಟ್ (ಯಾವ ವಸ್ತುವಿಗೆ ಅಲರ್ಜಿ ಅಂತ ಚರ್ಮದ ಮೇಲೆ ನೋಡೋ ಪರೀಕ್ಷೆ) ಮಾಡಿಸಿ, ತಡ್ಕೊಂಡು ಮುಂದುವರಿಸಬೇಡಿ. ಬರೀ ಕಿರಿಕಿರಿ ಆದ್ರೆ ಸೆನ್ಸರ್ ಹಾಕೋ ಮೊದಲು ರಕ್ಷಣಾ ಫಿಲ್ಮ್ ಸ್ಪ್ರೇ ಹೊಡೆದು ಆರಲು ಬಿಡಿ.

ಅಂಚು ಎದ್ದರೆ ಮೇಲೆ ಪ್ಯಾಚ್ ಅಂಟಿಸಬಹುದು, ಆದರೆ ಲಿಬ್ರೆ 2ರ ನಡುವಿನ ರಂಧ್ರ ಮುಚ್ಚಬಾರದು.

ಬಿಸಿಲುಮಚ್ಚು
ಸ್ನಾನ, ಈಜು?

ನೀಲಿಹಕ್ಕಿ
ಸ್ನಾನಕ್ಕೆ ಏನೂ ಆಗಲ್ಲ. ಲಿಬ್ರೆ 2ಕ್ಕೆ 1 ಮೀಟರ್ ಆಳದಲ್ಲಿ 30 ನಿಮಿಷದ ಮಿತಿ, ಡೆಕ್ಸ್‌ಕಾಮ್ ಜಿ6ಗೆ 2.4 ಮೀಟರ್, 24 ಗಂಟೆ. ನೀರಲ್ಲಿ ಬ್ಲೂಟೂತ್ ದಾಟಲ್ಲ, ಅಷ್ಟು ಹೊತ್ತು ಅಲಾರಂ ಬರಲ್ಲ ಅನ್ನೋದು ನೆನಪಿರಲಿ. ಟವೆಲಿಂದ ಉಜ್ಜಬೇಡಿ, ಒತ್ತಿ ಒರೆಸಿ.

ಹಳೇಪೆನ್ನು
ಮಾತ್ರೆಗಳ ವಿಷಯ ಯಾರೂ ಎತ್ತಲಿಲ್ಲ. ಇದು ಡೋಸ್ ತಪ್ಪಿಸೋವಷ್ಟು ದೊಡ್ಡದು. ತಂತಿ ಮೇಲೆ ಗ್ಲುಕೋಸ್ ಆಕ್ಸಿಡೇಸ್ ಅನ್ನೋ ಕಿಣ್ವ ಇರುತ್ತೆ, ಗ್ಲುಕೋಸ್ ಜೊತೆ ಅದರ ಪ್ರತಿಕ್ರಿಯೆಯಿಂದ ಹುಟ್ಟೋ ಸಣ್ಣ ಕರೆಂಟನ್ನ ಅಳೆದು ಅಂಕಿ ಮಾಡೋದು. ಕೆಲವು ಔಷಧಗಳೂ ಅದೇ ಎಲೆಕ್ಟ್ರೋಡಲ್ಲಿ ಕರೆಂಟ್ ಹುಟ್ಟಿಸುತ್ತವೆ. ಸೆನ್ಸರಿಗೆ ವ್ಯತ್ಯಾಸ ಗೊತ್ತಾಗಲ್ಲ, ಶುಗರ್ ಜಾಸ್ತಿ ಅನ್ನುತ್ತೆ.

ಲಿಬ್ರೆ 2ಕ್ಕೆ ದಿನಕ್ಕೆ 500 ಮಿ.ಗ್ರಾಂ.ಗಿಂತ ಹೆಚ್ಚು ವಿಟಮಿನ್ ಸಿ. ಡೆಕ್ಸ್‌ಕಾಮ್ ಜಿ6, ಜಿ7ಗೆ ಹೈಡ್ರಾಕ್ಸಿಯೂರಿಯಾ ಅನ್ನೋ ಔಷಧ. ಪ್ಯಾರಾಸಿಟಮಾಲ್ ಹಳೇ ಡೆಕ್ಸ್‌ಕಾಮ್ ಜಿ5ರಲ್ಲಿ ದೊಡ್ಡ ಸಮಸ್ಯೆ ಆಗಿತ್ತು. ಜಿ6, ಜಿ7ರಲ್ಲಿ 6 ಗಂಟೆಗೆ 1 ಗ್ರಾಂವರೆಗೆ ತೊಂದರೆ ಇಲ್ಲ.

ಸುಳ್ಳು ಹೈ ಯಾಕೆ ಹೆಚ್ಚು ಅಪಾಯ ಅಂದ್ರೆ, ಅದನ್ನ ನಂಬಿ ಹೆಚ್ಚು ಇನ್ಸುಲಿನ್ ಹಾಕ್ತಾರೆ, ಆಮೇಲೆ ನಿಜವಾದ ಲೋ ಬಂದಾಗ ಅದೇ ಸೆನ್ಸರ್ ಎಲ್ಲಾ ಸರಿ ಇದೆ ಅನ್ನುತ್ತೆ. ಅಲಾರಂ ಕೂಡ ಹೊಡೆಯಲ್ಲ.

ಮೂರನೇಮಹಡಿ
ನೆಗಡಿಗೆ ನೀರಲ್ಲಿ ಕರಗಿಸಿ ಕುಡಿಯೋ ವಿಟಮಿನ್ ಸಿ ಮಾತ್ರೆ ಒಂದೊಂದರಲ್ಲೇ 1000 ಮಿ.ಗ್ರಾಂ. ಇರೋದುಂಟು. ಜನ ಅದನ್ನ ಔಷಧ ಅಂತ ಲೆಕ್ಕಕ್ಕೇ ತಗೊಳ್ಳಲ್ಲ.

ಹಳೇಪೆನ್ನು
ಅದೇ. ಊಟದಲ್ಲಿ ಬರೋ ವಿಟಮಿನ್ ಸಿ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಮಾತ್ರೆಯದ್ದು ನೋಡಿ. ಮಾದರಿಯಿಂದ ಮಾದರಿಗೆ ಮಿತಿ ಬದಲಾಗುತ್ತೆ, ನಿಮ್ಮ ಡಬ್ಬಿಯ ಕೈಪಿಡಿಯೇ ಕೊನೆ ಮಾತು.

ಅಂಕಿಗುಣಿ
ಇನ್ನೊಂದು ತಪ್ಪು: ಲೋ ಬಂದಾಗ 15 ಗ್ರಾಂ ಗ್ಲುಕೋಸ್ ತಿಂದು, 15 ನಿಮಿಷ ಬಿಟ್ಟು *ಸೆನ್ಸರ್* ನೋಡೋದು. ಸೆನ್ಸರ್ ಹಿಂದಿರೋದ್ರಿಂದ ಇನ್ನೂ 62 ಅನ್ನುತ್ತೆ. ಮತ್ತೆ 15 ಗ್ರಾಂ, ಮತ್ತೆ ನೋಡೋದು, ಮತ್ತೆ 15. ಒಂದು ಗಂಟೆ ಬಿಟ್ಟು 240. ಲೋ ನಂತರದ ಮರುಪರೀಕ್ಷೆ ಬೆರಳಲ್ಲೇ ಆಗಬೇಕು. ಸೆನ್ಸರ್ ಇನ್ನೂ ಕಮ್ಮಿ ತೋರಿಸ್ತಿದ್ರೂ ಮೀಟರ್ 70 ದಾಟಿದ್ರೆ ತಿನ್ನೋದು ನಿಲ್ಲಿಸಿ.

ಅಕಾರ್ಬೋಸ್ ಮಾತ್ರೆ ತಗೊಳ್ಳೋರು ಲೋಗೆ ಸಕ್ಕರೆ ತಿಂದ್ರೆ ಬೇಗ ಏರಲ್ಲ, ಆ ಮಾತ್ರೆ ಸಕ್ಕರೆ ಒಡೆಯೋದನ್ನೇ ತಡೆಯುತ್ತೆ. ಅವರು ಶುದ್ಧ ಗ್ಲುಕೋಸನ್ನೇ ಇಟ್ಕೊಂಡಿರಬೇಕು.

ಸೂಜಿಮಲ್ಲಿಗೆ
ಹೈ ಕಡೆಯದ್ದೂ ಇದೇ ಕಥೆ, ಇನ್ನೂ ಕೆಟ್ಟದ್ದು. ಊಟ ಆಗಿ ಒಂದು ಗಂಟೆಗೆ 230 ನೋಡಿ ಇನ್ನೊಂದು ಡೋಸ್, ಅರ್ಧ ಗಂಟೆ ಬಿಟ್ಟು ಇಳಿದಿಲ್ಲ ಅಂತ ಮತ್ತೊಂದು. ಊಟಕ್ಕೆ ಹಾಕಿದ ವೇಗದ ಇನ್ಸುಲಿನ್ ಸುಮಾರು 4 ಗಂಟೆ ಕೆಲಸ ಮಾಡ್ತಾನೇ ಇರುತ್ತೆ. ಮೂರೂ ಡೋಸ್ ಒಂದರ ಮೇಲೊಂದು ಕೂತು ಒಟ್ಟಿಗೆ ಇಳಿಸುತ್ತವೆ. ಮೊದಲು ದಿನಕ್ಕೆ ನಾಲ್ಕು ಸಲ ಚುಚ್ಚಿ ನೋಡ್ತಿದ್ದ ಕಾಲದಲ್ಲಿ ಈ ಆಸೆಗೆ ಅವಕಾಶವೇ ಇರಲಿಲ್ಲ. ಈಗ ನಿಮಿಷ ನಿಮಿಷಕ್ಕೂ ಅಂಕಿ ಕಣ್ಮುಂದೆ ಇರುತ್ತೆ. ಎರಡು ಡೋಸ್ ನಡುವೆ ಎಷ್ಟು ಗಂಟೆ ಬಿಡಬೇಕು ಅಂತ ನಿಮ್ಮ ಡಾಕ್ಟರ ಹತ್ತಿರ ಬರೆಸಿಕೊಂಡು ಬನ್ನಿ.

ರಾತ್ರಿದೀಪ
ಕ್ಯಾಲಿಬ್ರೇಟ್ ಮಾಡಿದ್ರೆ, ಅಂದ್ರೆ ಮೀಟರ್ ಅಂಕಿ ಹಾಕಿ ಸೆನ್ಸರನ್ನ ಸರಿಹೊಂದಿಸಿದ್ರೆ, ಮೀಟರಿಗೆ ಹತ್ತಿರ ಬರುತ್ತಾ?

ಅಂಕಿಗುಣಿ
ಮಾದರಿ ಯಾವುದು ನೋಡಿ. ಲಿಬ್ರೆ 2 ಕಾರ್ಖಾನೆಯಲ್ಲೇ ಕ್ಯಾಲಿಬ್ರೇಟ್ ಆಗಿ ಬರುತ್ತೆ. ಡೆಕ್ಸ್‌ಕಾಮ್ ಜಿ6, ಜಿ7ರಲ್ಲಿ ಬೇಕಾದ್ರೆ ಮಾಡಬಹುದು, ಕಡ್ಡಾಯ ಅಲ್ಲ. ಮಾಡೋದಾದ್ರೆ ಊಟದ ಮುಂಚೆ, ಅಡ್ಡ ಬಾಣ ಇದ್ದಾಗ, ಕೈ ತೊಳೆದು. ಮೀಟರ್ ಅಂಕಿಯನ್ನ 5 ನಿಮಿಷದೊಳಗೆ ಹಾಕಿ. ಏರುವಾಗಲೋ ಇಳಿಯುವಾಗಲೋ ಹಾಕಿದ್ರೆ ಆ ಹೊತ್ತಿನ ವ್ಯತ್ಯಾಸವನ್ನೇ ಸೆನ್ಸರಿಗೆ ಕಲಿಸಿದ ಹಾಗೆ. ಒತ್ತಡದ ಲೋ ಇರುವಾಗ ಅಂತೂ ಮಾಡಲೇಬೇಡಿ.

ಬಿಸಿಲುಮಚ್ಚು
ನನ್ನ ಪ್ರಶ್ನೆ ಬೇರೆ. ಆ್ಯಪಲ್ಲಿ ಜಿಎಂಐ 7.0, ಲ್ಯಾಬಲ್ಲಿ ಎಚ್‌ಬಿಎ1ಸಿ 7.6. ಇಲ್ಲೂ ಸೆನ್ಸರ್ ತಪ್ಪಾ?

ಲ್ಯಾಬುಮೇಜು
ಎರಡೂ ಒಂದೇ ವಸ್ತು ಅಲ್ಲ. ಜಿಎಂಐ ಅಂದ್ರೆ ಸೆನ್ಸರ್ ಸರಾಸರಿಯಿಂದ ಎಚ್‌ಬಿಎ1ಸಿ ಎಷ್ಟಿರಬಹುದು ಅನ್ನೋ ಬರೀ ಲೆಕ್ಕ: 3.31 + (0.02392 × ಸರಾಸರಿ ಗ್ಲುಕೋಸ್). ಸರಾಸರಿ 154 ಇದ್ದರೆ 7.0 ಬರುತ್ತೆ. ಎಚ್‌ಬಿಎ1ಸಿ ಕೆಂಪು ರಕ್ತಕಣಕ್ಕೆ ಅಂಟಿದ ಗ್ಲುಕೋಸ್, ಎರಡು ಮೂರು ತಿಂಗಳದ್ದು. ಕಣಗಳು ಎಷ್ಟು ದಿನ ಬದುಕುತ್ತವೆ ಅನ್ನೋದರ ಮೇಲೂ ಹೋಗುತ್ತೆ. ಕಬ್ಬಿಣದ ಕೊರತೆಯ ರಕ್ತಹೀನತೆಯಲ್ಲಿ ಎಚ್‌ಬಿಎ1ಸಿ ಇರೋದಕ್ಕಿಂತ ಹೆಚ್ಚು ಬರಬಹುದು, ಕಣಗಳು ಬೇಗ ಒಡೆಯೋ ಕಾಯಿಲೆಗಳಲ್ಲಿ ಕಮ್ಮಿ. ಹಿಮೋಗ್ಲೋಬಿನ್ ನೋಡಿಸಿದ್ದೀರಾ?

ಬಿಸಿಲುಮಚ್ಚು
ಇಲ್ಲ. ಮಾಡಿಸ್ತೀನಿ. ಥ್ಯಾಂಕ್ಸ್.

ಅಂಕಿಗುಣಿ
ವರದಿ ನೋಡುವಾಗ 14 ದಿನದ್ದು, ಅದರಲ್ಲಿ ಶೇ. 70ರಷ್ಟಾದರೂ ಡೇಟಾ ಇರಲಿ. ಹೆಚ್ಚಿನ ವಯಸ್ಕರಿಗೆ ಇಟ್ಟಿರೋ ಗುರಿ 70–180ರ ನಡುವೆ ಶೇ. 70ಕ್ಕಿಂತ ಹೆಚ್ಚು ಸಮಯ, 70ಕ್ಕಿಂತ ಕೆಳಗೆ ಶೇ. 4ಕ್ಕಿಂತ ಕಮ್ಮಿ, 54ಕ್ಕಿಂತ ಕೆಳಗೆ ಶೇ. 1ಕ್ಕಿಂತ ಕಮ್ಮಿ. ವಯಸ್ಸಾದವರಿಗೆ, ಗರ್ಭಿಣಿಯರಿಗೆ ಬೇರೆ ಗುರಿ. ರಾತ್ರಿ ಒತ್ತಡದ ಲೋಗಳು ಜಾಸ್ತಿ ಇದ್ರೆ ಈ ಶೇಕಡಾ ಲೆಕ್ಕವೇ ಹಾಳಾಗುತ್ತೆ. ಡಾಕ್ಟರ್ ಅದನ್ನ ನಿಜ ಅಂದುಕೊಂಡು ರಾತ್ರಿ ಡೋಸ್ ಇಳಿಸಿಬಿಡಬಹುದು. ರಾತ್ರಿದೀಪ ಅವರೇ, ಆ 58ರ ಪಕ್ಕದಲ್ಲಿ "ಮೀಟರ್ 96" ಅಂತ ಆ್ಯಪಲ್ಲಿ ಟಿಪ್ಪಣಿ ಹಾಕಿಡಿ.

ನೀಲಿಹಕ್ಕಿ
ಚುಚ್ಚದೇ ಶುಗರ್ ಹೇಳುತ್ತೆ ಅನ್ನೋ ವಾಚು, ಉಂಗುರ ಜಾಹೀರಾತಲ್ಲಿ ಬರುತ್ತವಲ್ಲ, ಅವುಗಳಿಂದ ಹೋಲಿಸಿ ನೋಡಬಹುದಾ ಅಂತ ಬೇರೆ ಗುಂಪಲ್ಲಿ ಕೇಳ್ತಿದ್ರು.

ಹಳೇಪೆನ್ನು
ಬೇಡವೇ ಬೇಡ. ಚರ್ಮ ಚುಚ್ಚದೆ ತಾನೇ ಗ್ಲುಕೋಸ್ ಅಳೆಯೋ ಯಾವ ವಾಚಿಗೂ ಉಂಗುರಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲೇ ಎಚ್ಚರಿಕೆ ಕೊಟ್ಟಿದೆ. ಸೆನ್ಸರಿಂದ ಬರೋ ಅಂಕಿಯನ್ನ ವಾಚಿನ ಪರದೆಯಲ್ಲಿ *ತೋರಿಸೋದು* ಬೇರೆ, ಅದು ಸರಿ. ವಾಚೇ ಅಳೆಯುತ್ತೆ ಅಂದ್ರೆ ಅದರ ಮೇಲೆ ಇನ್ಸುಲಿನ್ ಹಾಕೋದು ಜೀವಕ್ಕೇ ಅಪಾಯ.

ಮೂರನೇಮಹಡಿ
ಫೋನಿನ ಕಡೆಯಿಂದಲೂ ಅಲಾರಂ ತಪ್ಪುತ್ತೆ. ಆ್ಯಪಿಗೆ ಬ್ಯಾಟರಿ ಉಳಿತಾಯದಿಂದ ವಿನಾಯಿತಿ ಕೊಡಿ, ಇಲ್ಲದಿದ್ರೆ ಫೋನ್ ಅದನ್ನ ಹಿಂದುಗಡೆ ನಿದ್ದೆ ಮಾಡಿಸುತ್ತೆ. ಸೈಲೆಂಟ್, ತೊಂದರೆ ಕೊಡಬೇಡಿ ಮೋಡ್‌ಗಳನ್ನ ಮೀರಿ ಹೊಡೆಯೋ ಅನುಮತಿ ಕೊಡಿ. ಬ್ಲೂಟೂತ್ ಇಯರ್‌ಫೋನ್ ಜೋಡಿಸಿದ್ದರೆ ಶಬ್ದ ಅದರಲ್ಲೇ ಬಂದು ಹೋಗಬಹುದು. ಫೋನಿನ ಸಾಫ್ಟ್‌ವೇರ್ ತಾನಾಗಿ ಅಪ್‌ಡೇಟ್ ಆಗೋದನ್ನ ನಿಲ್ಲಿಸಿ. ಹೊಸ ಆವೃತ್ತಿಗೆ ಆ್ಯಪ್ ಹೊಂದುತ್ತಾ ಅಂತ ನೋಡಿ ಆಮೇಲೆ ಮಾಡಿ. ಲಿಬ್ರೆ 2ರ ಸಿಗ್ನಲ್ ಸುಮಾರು 6 ಮೀಟರ್, ಅದೂ ನಡುವೆ ಗೋಡೆ ಇಲ್ಲದಿದ್ರೆ. ಸೆನ್ಸರಲ್ಲಿ 8 ಗಂಟೆಯ ಡೇಟಾ ಉಳಿಯುತ್ತೆ. ಸಿಗ್ನಲ್ ಹೋದಾಗ ತಿಳಿಸೋ ಅಲಾರಂ ಕಿರಿಕಿರಿ ಅಂತ ಆರಿಸೋರೇ ಹೆಚ್ಚು, ದಯವಿಟ್ಟು ಹಾಗೆ ಮಾಡಬೇಡಿ. ಅದು ಇಲ್ಲದಿದ್ರೆ ಮೌನ ಅಂದ್ರೆ ಶುಗರ್ ಸರಿ ಇದೆ ಅಂತಾನೋ, ಸಂಪರ್ಕವೇ ಇಲ್ಲ ಅಂತಾನೋ ಗೊತ್ತಾಗಲ್ಲ.

ರಾತ್ರಿದೀಪ
ಮುಂದಿನ ವಾರ ಎಂಆರ್‌ಐ ಇದೆ. ಸೆನ್ಸರ್ ಅವಧಿ ಆಗ ಇನ್ನೂ ಉಳಿದಿರುತ್ತೆ.

ಲ್ಯಾಬುಮೇಜು
ನಿಮ್ಮ ಮಾದರಿಯ ಈಗಿನ ಕೈಪಿಡಿ ಎಂಆರ್‌ಐಗೆ ಅನುಮತಿ ಕೊಟ್ಟಿದೆ ಅಂತ ಖಚಿತ ಆಗದಿದ್ರೆ ತೆಗೆದೇ ಹೋಗಿ. ಬುಕ್ ಮಾಡುವಾಗಲೇ ಅಲ್ಲಿಯವರಿಗೆ ಹೇಳಿ. ತೆಗೆದ ಸೆನ್ಸರ್ ಮತ್ತೆ ಅಂಟಿಸೋಕಾಗಲ್ಲ, ಹಾಗಾಗಿ ಹೊಸದನ್ನ ಸ್ಕ್ಯಾನ್ ಆದ ಮೇಲೆ ಹಾಕೋ ಹಾಗೆ ದಿನ ಹೊಂದಿಸಿಕೊಳ್ಳಿ. ಡಯಾಥರ್ಮಿ (ಮೈಯೊಳಗೆ ಶಾಖ ಕೊಡೋ) ಚಿಕಿತ್ಸೆ, ಸಿಟಿ ಸ್ಕ್ಯಾನಿಗೂ ಹೀಗೇ ಕೇಳಿ ತಿಳ್ಕೊಳ್ಳಿ.

ರಾತ್ರಿದೀಪ
ನಿನ್ನೆ ರಾತ್ರಿಯ ಗ್ರಾಫ್ ನೋಡಿದೆ. ಸೂಜಿಮಲ್ಲಿಗೆ ಹೇಳಿದ ಹಾಗೇ ಇದೆ, 101ರಿಂದ ಒಂದೇ ಏಟಿಗೆ 63. ಎಡಮಗ್ಗುಲಾದ ಮೇಲೆ ವಾಪಸ್ 99. ತೆಗೆಯೋದು ಹೇಗೆ ಅಂತ ಒಂದು ಮಾತು ಹೇಳಿಬಿಡಿ, ಚರ್ಮ ಕಿತ್ತು ಬರೋ ಹಾಗಿದೆ.

ಸೂಜಿಮಲ್ಲಿಗೆ
ಅಂಚಿಗೆ ಬೇಬಿ ಆಯಿಲ್ ಸವರಿ ಕೆಲವು ನಿಮಿಷ ಬಿಡಿ. ಒಂದು ಮೂಲೆಯಿಂದ, ಚರ್ಮವನ್ನ ಇನ್ನೊಂದು ಕೈಯಲ್ಲಿ ಹಿಂದಕ್ಕೆ ಒತ್ತಿಕೊಂಡು, ನಿಧಾನಕ್ಕೆ ಬಿಡಿಸಿ. ತೆಗೆದ ಮೇಲೆ ತಿರುಗಿಸಿ ನೋಡಿ, ತಂತಿ ಪೂರ್ತಿ ಇರಬೇಕು. ತುಂಡಾಗಿ ಒಳಗೆ ಉಳಿದಿದೆ ಅನ್ನಿಸಿದ್ರೆ ಕೆದಕಬೇಡಿ, ಡಾಕ್ಟರಿಗೆ ತೋರಿಸಿ. ಕೀವು, ಊತ, ಬಿಸಿ ಇದ್ದರೂ ಅಷ್ಟೇ.

ನೀಲಿಹಕ್ಕಿ
ಅವಧಿ ಮುಗಿಯೋ ಮೊದಲೇ ಕೆಟ್ಟರೆ ಸೆನ್ಸರ್ ಬಿಸಾಕಬೇಡಿ. ಸೀರಿಯಲ್ ನಂಬರ್, ಹಾಕಿದ ದಿನ, ಸೆನ್ಸರ್–ಮೀಟರ್ ರೀಡಿಂಗ್ ಎರಡನ್ನೂ ಸಮಯದ ಜೊತೆ ಬರೆದಿಟ್ಟು ಕಂಪನಿಗೆ ದೂರು ಕೊಡಿ, ಸೆನ್ಸರನ್ನೇ ವಾಪಸ್ ಕೇಳಬಹುದು. ಅಪ್ಲಿಕೇಟರ್ ಒಳಗೆ ಸೂಜಿ ಇರುತ್ತೆ, ಅದನ್ನ ಕಸದ ಬುಟ್ಟಿಗೆ ಹಾಗೇ ಹಾಕಬೇಡಿ. ಇನ್ಸುಲಿನ್ ಸೂಜಿ ಹಾಕೋ ಗಟ್ಟಿ ಡಬ್ಬಿಗೇ ಹಾಕಿ.